ಹಣವನ್ನೇ ಮಾರುವ ವ್ಯಾಪಾರ

ಅಕ್ಕಿ, ಬಟ್ಟೆ, ಬೆಳ್ಳಿ, ಭೂಮಿ ಇವುಗಳ ಕ್ರಯವಿಕ್ರಯ ನಮಗೆಲ್ಲ ತಿಳಿದದ್ದೇ. ಒಬ್ಬನಲ್ಲಿ ಹೆಚ್ಚಾಗಿರುವುದು ಇನ್ನೊಬ್ಬನಿಗೆ ಬೇಕಾಗಿರುತ್ತದೆ. ನಡುವೆ ನಿಂತ ವ್ಯಾಪಾರಿ ಅದನ್ನು ಇಲ್ಲಿಂದ ಅಲ್ಲಿಗೆ ಮುಟ್ಟಿಸುತ್ತಾನೆ. ಆ ಶ್ರಮಕ್ಕೂ ಹೊಣೆಗೂ ಅವನಿಗೊಂದಿಷ್ಟು ಲಾಭ ಸಲ್ಲುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲವೆಂದು ನಮ್ಮ ಹಿರಿಯರು ಒಪ್ಪಿ ನಡೆದುಕೊಂಡು ಬಂದಿದ್ದಾರೆ. ಆದರೆ ಹಣ ಕೊಟ್ಟು ಹಣವನ್ನೇ ಕೊಂಡು, ಅರ್ಧ ಗಂಟೆ ಕಳೆಯುವುದರೊಳಗೆ ಅದನ್ನು ಮತ್ತೆ ಮಾರಿ, ನಡುವಿನ ನಾಲ್ಕು ಪೈಸೆಯ ವ್ಯತ್ಯಾಸವನ್ನು ಜೇಬಿಗೆ ಹಾಕಿಕೊಳ್ಳುವುದು ಯಾವ ಬಗೆಯ ವ್ಯಾಪಾರ? ಅಲ್ಲಿ ಏನು ಸಾಗಿತು? ಯಾರ ಅಗತ್ಯ ತೀರಿತು? ಹಾಗೆ ಬಂದ ಹಣವನ್ನು ಗಳಿಕೆ ಎನ್ನಬಹುದೆ?

ಈ ಪ್ರಶ್ನೆ ಇಂದು ಮುಂಬಯಿಯ ನಮ್ಮ ಮನೆಗಳಿಗೇ ಬಂದು ಕುಳಿತಿದೆ. ಕೈಯೊಳಗಿನ ಫೋನಿನಲ್ಲಿ ಜಾಹೀರಾತುಗಳು ಬರುತ್ತವೆ: ವಿದೇಶಿ ನಾಣ್ಯಗಳ ವ್ಯಾಪಾರವನ್ನು ಹೊಸಬರಿಗೆ ಕೆಲವೇ ದಿನಗಳಲ್ಲಿ ಕಲಿಸುತ್ತೇವೆ, ಕಚೇರಿಯ ಕೆಲಸ ಬಿಡಬೇಕಾಗಿಲ್ಲ, ಲೋಕಲ್ ಗಾಡಿಯಲ್ಲಿ ಕುಳಿತೇ ಡಾಲರು, ಯೂರೊ, ಯೆನ್ ಮಾರಬಹುದು. ಮನೆಯ ಹುಡುಗ ಇದನ್ನು ತೋರಿಸಿದಾಗ ಹಿರಿಯರು "ಅದೆಲ್ಲ ಜೂಜು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ಬ್ಯಾಂಕುಗಳು ಮಾಡುವುದೂ ಇದನ್ನೇ ಅಲ್ಲವೆ?" ಎಂದು ಹುಡುಗ ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಇಬ್ಬರಲ್ಲೂ ಅವಸರವಿದೆ. ಆದುದರಿಂದ ವಿಷಯವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ನಾಣ್ಯದ ವ್ಯಾಪಾರ ಹೊಸದಲ್ಲ. ನಮ್ಮ ನಾಡಿನಲ್ಲಿ ಚಿನಿವಾರನೆಂಬವನಿದ್ದ. ಒಂದೊಂದು ಸಂಸ್ಥಾನಕ್ಕೆ ಒಂದೊಂದು ಟಂಕಸಾಲೆ, ಒಂದೊಂದು ತೂಕದ ವರಹ, ಒಂದೊಂದು ಮಾಟದ ಹಣ ಇದ್ದ ಕಾಲ ಅದು. ದೂರದಿಂದ ಬಂದ ಯಾತ್ರಿಕನೋ ವರ್ತಕನೋ ತನ್ನ ನಾಣ್ಯವನ್ನು ಅವನ ಮುಂದಿಟ್ಟರೆ, ಚಿನಿವಾರ ಅದನ್ನು ಒರೆಗೆ ಹಚ್ಚಿ, ತೂಗಿ, ಸ್ಥಳದ ನಾಣ್ಯ ಕೊಟ್ಟು, ತನ್ನ ಪಾಲಿನ ವಟ್ಟವನ್ನು ಹಿಡಿದುಕೊಳ್ಳುತ್ತಿದ್ದ. ವಟ್ಟ ಹೆಚ್ಚಾಯಿತೆಂದು ಜನ ಅವನನ್ನು ಬೈದಿರಬಹುದು; ಆದರೆ ಅವನು ಮಾಡಿದ್ದು ಕೆಲಸವೇ ಅಲ್ಲವೆಂದು ಹೇಳುವಂತಿರಲಿಲ್ಲ. ಅವನ ವಿದ್ಯೆ ಮತ್ತೊಬ್ಬನ ಪ್ರಯಾಣವನ್ನು ಸುಗಮಗೊಳಿಸುತ್ತಿತ್ತು.

ಇಂದಿನ ನಾಣ್ಯ ಪೇಟೆ ಹುಟ್ಟಿದ ಕಥೆ ಬೇರೆ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ 44 ರಾಷ್ಟ್ರಗಳು ಸೇರಿ, ಒಂದು ಔನ್ಸ್ ಚಿನ್ನಕ್ಕೆ 35 ಡಾಲರು ಎಂಬ ಲೆಕ್ಕದಲ್ಲಿ ಡಾಲರನ್ನು ಚಿನ್ನಕ್ಕೂ, ಉಳಿದ ನಾಣ್ಯಗಳನ್ನು ಡಾಲರಿಗೂ ಕಟ್ಟಿಹಾಕುವ ಏರ್ಪಾಟು ಮಾಡಿಕೊಂಡವು. ಆಗ ದರವೆಂಬುದು ಗೋಡೆಗೆ ಹೊಡೆದ ಮೊಳೆಯಂತಿತ್ತು. ನಮ್ಮ ರೂಪಾಯಿ 1949ರಿಂದ ಡಾಲರಿಗೆ 4.76ರಲ್ಲಿ ನಿಂತಿತ್ತು, 1966ರ ಜೂನ್ 6ರಂದು ಅದನ್ನು 7.50ಕ್ಕೆ ಇಳಿಸಿದಾಗ ಇಡೀ ದೇಶ ಬೆಚ್ಚಿಬಿದ್ದಿತು. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದರು. 1973ರ ಹೊತ್ತಿಗೆ ದೊಡ್ಡ ರಾಷ್ಟ್ರಗಳ ನಾಣ್ಯಗಳು ತೇಲತೊಡಗಿದವು. ವರುಷಗಟ್ಟಲೆ ಅಲುಗದಿದ್ದ ದರ ದಿನದಿನಕ್ಕೂ, ಈಗಂತೂ ಕ್ಷಣಕ್ಷಣಕ್ಕೂ, ಏರಿಳಿಯುವಂತಾಯಿತು. ಏರಿಳಿತ ಬಂದಲ್ಲಿ ಭಯವೂ ಬರುತ್ತದೆ, ಆಸೆಯೂ ಬರುತ್ತದೆ. ನಾಣ್ಯ ವ್ಯಾಪಾರ ಬೆಳೆದದ್ದು ಈ ಎರಡರ ಮೇಲೆ.

ಭಯ ಯಾರದೆಂಬುದನ್ನು ಮೊದಲು ನೋಡೋಣ. ಚಿಕ್ಕಮಗಳೂರಿನಿಂದ ಇಟಲಿಗೆ ಕಾಫಿ ಕಳುಹಿಸುವ ವರ್ತಕನಿಗೆ ಹಣ ಬರುವುದು ಮೂರು ತಿಂಗಳ ನಂತರ, ಅದೂ ಡಾಲರಿನಲ್ಲಿ. ಅಷ್ಟರೊಳಗೆ ಡಾಲರಿನ ಬೆಲೆ ಇಳಿದರೆ ಅವನ ವರುಷದ ಲಾಭ ಕರಗಿಹೋಗುತ್ತದೆ. ಆಫ್ರಿಕದಿಂದ ಗೇರುಬೀಜ ತರಿಸುವ ಮಂಗಳೂರಿನ ಕಾರ್ಖಾನೆಯವನಿಗೆ ಇದರ ವಿರುದ್ಧ ಭಯ: ಡಾಲರು ಏರಿದರೆ ಅವನು ಕೆಟ್ಟ. ಇಬ್ಬರೂ ಇಂದೇ ದರ ಗೊತ್ತುಮಾಡಿಕೊಂಡು ವಾಯಿದೆ ಕರಾರು ಬರೆದುಕೊಂಡರೆ ಇಬ್ಬರೂ ನೆಮ್ಮದಿಯಾಗಿ ನಿದ್ರಿಸಬಹುದು. ಆದರೆ ಅವರಿಬ್ಬರ ಮೊತ್ತವೂ ದಿನವೂ ಯಾವಾಗಲೂ ಸರಿಹೊಂದುವುದಿಲ್ಲ. ಆಗ ಮಧ್ಯೆ ಒಬ್ಬ ಮೂರನೆಯವನು ಬೇಕು. "ನಿನ್ನ ಭಯವನ್ನು ನಾನು ಹೊರುತ್ತೇನೆ" ಎನ್ನುವವನು. ಆ ಮೂರನೆಯವನೇ ಸಟ್ಟಾ ವ್ಯಾಪಾರಿ. ಅವನು ಹೊರುವುದು ನಿಜವಾದ ಹೊರೆ, ಅದಕ್ಕೆ ಕೂಲಿ ಕೇಳುವುದು ತಪ್ಪಲ್ಲ.

ನಮ್ಮ ಪ್ರಾಚೀನರು ಇದನ್ನು ಅರಿತಿದ್ದರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸಾಮಾನ್ಯ ಸಾಲಕ್ಕೆ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತವಾದ ಬಡ್ಡಿ. ವರ್ತಕರಿಗೆ 5, ಕಾಡುದಾರಿಯಲ್ಲಿ ಹೋಗುವವರಿಗೆ 10, ಕಡಲ ಮೇಲೆ ಹೋಗುವವರಿಗೆ 20. ಹಡಗು ಮುಳುಗಿದರೆ ಸಾಲ ಕೊಟ್ಟವನ ಹಣವೂ ಮುಳುಗಬಹುದು. ಅಪಾಯ ಹೆಚ್ಚಿದಷ್ಟೂ ಪ್ರತಿಫಲ ಹೆಚ್ಚು ಎಂಬ ನ್ಯಾಯ ಇಲ್ಲಿದೆ. ಹೀಗಿರುವಾಗ ನಾಣ್ಯದ ಸಟ್ಟಾವನ್ನು ಒಟ್ಟಾರೆಯಾಗಿ ಪಾಪವೆಂದು ತಳ್ಳಿಹಾಕುವವರು, ಕಡಲ ವ್ಯಾಪಾರವನ್ನೂ ವಿಮೆಯನ್ನೂ ಹಾಗೆಯೇ ತಳ್ಳಿಹಾಕಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಫೋನು ಹಿಡಿದು ಕುಳಿತ ಹೊಸಬ ಯಾರ ಭಯವನ್ನು ಹೊರುತ್ತಿದ್ದಾನೆ? ಹೊರುವ ಶಕ್ತಿಯಾದರೂ ಅವನಿಗೆ ಇದೆಯೆ?

ವ್ಯವಹಾರದ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ನಮ್ಮ ಷೇರು ವಿನಿಮಯ ಕೇಂದ್ರಗಳಲ್ಲಿ 2008ರ ಆಗಸ್ಟ್ ಕೊನೆಯಿಂದ ನಾಣ್ಯಗಳ ವಾಯಿದೆ ವ್ಯಾಪಾರ ನಡೆಯುತ್ತಿದೆ. ಡಾಲರಿನ ಒಂದು ಕಟ್ಟು ಎಂದರೆ 1,000 ಡಾಲರು. ಡಾಲರಿಗೆ 90 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಅದರ ಬೆಲೆ 90,000 ರೂಪಾಯಿ. ಆದರೆ ಅಷ್ಟನ್ನೂ ಯಾರೂ ಕೈಯಿಂದ ಕೊಡುವುದಿಲ್ಲ. ನೂರಕ್ಕೆ 3ರಂತೆ ಮುಂಗಡ ಎಂದಿಟ್ಟುಕೊಂಡರೆ 2,700 ರೂಪಾಯಿ ಕಟ್ಟಿದರೆ ಸಾಕು. ಈಗ ಡಾಲರು 27 ಪೈಸೆ ಅಲುಗಿದರೆ 270 ರೂಪಾಯಿಯ ವ್ಯತ್ಯಾಸ, ಅಂದರೆ ಕಟ್ಟಿದ ಹಣದ ಹತ್ತನೆಯ ಒಂದು ಪಾಲು. 2 ರೂಪಾಯಿ 70 ಪೈಸೆ ವಿರುದ್ಧವಾಗಿ ಹೋದರೆ ಕಟ್ಟಿದ್ದೆಲ್ಲ ಸ್ವಾಹಾ. ಅದಕ್ಕೂ ಮೊದಲೇ ಇನ್ನಷ್ಟು ಕಟ್ಟು ಎಂಬ ಕರೆ ಬರುತ್ತದೆ. ತೊಡೆ ಮಟ್ಟದ ನೀರೆಂದು ಇಳಿದವನಿಗೆ ಕುತ್ತಿಗೆ ಮುಳುಗುವುದು ಹೀಗೆ. ವಿದೇಶಗಳಲ್ಲಿ ಮುಂಗಡ ಇನ್ನೂ ಕಡಿಮೆ ಇತ್ತು. ಯೂರೋಪಿನ ನಿಯಂತ್ರಣ ಸಂಸ್ಥೆ 2018ರಲ್ಲಿ ಮುಖ್ಯ ನಾಣ್ಯಗಳಿಗೆ ಮುಂಗಡದ 30 ಪಟ್ಟಿಗಿಂತ ಹೆಚ್ಚಿನ ವ್ಯವಹಾರವನ್ನು ಸಾಮಾನ್ಯ ಗಿರಾಕಿಗಳಿಗೆ ನಿಷೇಧಿಸಿತು. ನಾಣ್ಯವೂ ಸೇರಿದಂತೆ ಈ ಬಗೆಯ ವ್ಯತ್ಯಾಸದ ವ್ಯಾಪಾರ ಮಾಡುವ ಸಾಮಾನ್ಯರ ಖಾತೆಗಳಲ್ಲಿ ನೂರಕ್ಕೆ 74ರಿಂದ 89 ನಷ್ಟದಲ್ಲಿವೆ ಎಂಬುದು ಅದು ಮುಂದಿಟ್ಟ ಕಾರಣ. ನಮ್ಮಲ್ಲಿ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ನಾಣ್ಯದ್ದಲ್ಲ, ಷೇರುಗಳ ವಾಯಿದೆ ವ್ಯಾಪಾರದ್ದು. ಅದರಲ್ಲೂ ಮೂರು ವರುಷಗಳ ಅವಧಿಯಲ್ಲಿ ನೂರಕ್ಕೆ 93 ಮಂದಿ ಸಾಮಾನ್ಯರು ಕಳೆದುಕೊಂಡಿದ್ದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹೊಲದಲ್ಲಿ ಹಾಕಿದ ಹಣ ಬೆಳೆಯನ್ನು ಕೊಡಬಹುದು. ಕಾರ್ಖಾನೆಯ ಷೇರು ಕೊಂಡವನಿಗೂ ಮಾರಿದವನಿಗೂ ಕಾಲಾಂತರದಲ್ಲಿ ಒಳಿತಾಗಬಹುದು, ಏಕೆಂದರೆ ಅಲ್ಲಿ ಏನೋ ಹೊಸದು ಉತ್ಪತ್ತಿಯಾಗುತ್ತದೆ. ನಾಣ್ಯದ ವಾಯಿದೆಯಲ್ಲಿ ಏನೂ ಉತ್ಪತ್ತಿಯಾಗುವುದಿಲ್ಲ. ನನಗೆ ಬಂದ ಪ್ರತಿಯೊಂದು ರೂಪಾಯಿಯೂ ಇನ್ನೊಬ್ಬನ ಜೇಬಿನಿಂದಲೇ ಬಂದದ್ದು. ದಳ್ಳಾಳಿಯ ಪಾಲು ಮಾತ್ರ ಇಬ್ಬರಿಂದಲೂ ಹೋಗುತ್ತದೆ. ಆ ಇನ್ನೊಬ್ಬ ತನ್ನ ಭಯವನ್ನು ಕಳೆದುಕೊಳ್ಳಲು ಹಣ ಕೊಟ್ಟ ಕಾಫಿ ವರ್ತಕನಾಗಿದ್ದರೆ ನನ್ನ ಗಳಿಕೆ ನ್ಯಾಯವಾದದ್ದು. ಅವನು ನನ್ನಂತೆಯೇ ಸಾಲದ ಕಂತು ಕಟ್ಟಲು ಹೆಣಗುತ್ತಿರುವ ಮತ್ತೊಬ್ಬ ಸಂಬಳದಾರನಾಗಿದ್ದರೆ? ಅವನ ಮುಖ ನನಗೆ ಕಾಣುವುದಿಲ್ಲ. ಇಸ್ಪೀಟಿನ ಅಡ್ಡೆಯಲ್ಲಾದರೂ ಎದುರಿಗೆ ಕುಳಿತವನ ಮುಖ ಕಾಣುತ್ತದೆ.

ಈ ಪೇಟೆಯ ಗಾತ್ರವಾದರೂ ಎಷ್ಟು? ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೇಂದ್ರ ಬ್ಯಾಂಕುಗಳಿಗೆ ಬ್ಯಾಂಕಿನಂತಿರುವ ಸಂಸ್ಥೆಯೊಂದು ಮೂರು ವರುಷಕ್ಕೊಮ್ಮೆ ಎಣಿಕೆ ಮಾಡುತ್ತದೆ. 2025ರ ಏಪ್ರಿಲ್ ತಿಂಗಳಿನಲ್ಲಿ ದಿನವೊಂದಕ್ಕೆ ಸರಾಸರಿ 9.6 ಲಕ್ಷ ಕೋಟಿ ಡಾಲರಿನಷ್ಟು ನಾಣ್ಯ ಕೈ ಬದಲಾಯಿಸಿತ್ತು. 2024ರಲ್ಲಿ ಇಡೀ ಪ್ರಪಂಚದ ಸರಕು ಮತ್ತು ಸೇವೆಗಳ ವ್ಯಾಪಾರ ವರುಷಕ್ಕೆ ಸುಮಾರು 33 ಲಕ್ಷ ಕೋಟಿ ಡಾಲರು. ಅಂದರೆ ಒಂದು ವರುಷದ ಲೋಕವ್ಯಾಪಾರದಷ್ಟು ಹಣ ನಾಲ್ಕು ದಿನಗಳೊಳಗೆ ಈ ಪೇಟೆಯಲ್ಲಿ ಓಡಾಡುತ್ತದೆ. ಅದೆಲ್ಲವೂ ಸಟ್ಟಾ ಎಂದು ತಿಳಿಯಬಾರದು. ಬ್ಯಾಂಕುಗಳು ತಮ್ಮ ಲೆಕ್ಕ ಸರಿದೂಗಿಸಿಕೊಳ್ಳುವ ವ್ಯವಹಾರ ಅದರಲ್ಲಿ ದೊಡ್ಡ ಪಾಲು. ಆದರೂ ಸರಕಿಗಾಗಿ ಹುಟ್ಟಿದ ಹಣ ಸರಕನ್ನು ಬಹಳ ಹಿಂದೆ ಬಿಟ್ಟು ಓಡುತ್ತಿದೆ ಎಂಬುದು ಮಾತ್ರ ನಿಜ.

ಸರಕು ಮರೆಯಾಗಿ ಅಂಕಿ ಮಾತ್ರ ಉಳಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದ ಆರಂಭದ ದರವೂ ಮುಕ್ತಾಯದ ದರವೂ ತಂತಿಯ ಮೂಲಕ ಇಲ್ಲಿನ ಹತ್ತಿ ಪೇಟೆಗೆ ಬರುತ್ತಿದ್ದವು. ಹತ್ತಿಯ ವರ್ತಕರಿಗೆ ಅವು ಬೇಕಾಗಿದ್ದವು. ಕ್ರಮೇಣ ಹತ್ತಿಯನ್ನು ಕಣ್ಣಿಂದ ನೋಡದವರೂ ಆ ಅಂಕಿಗಳ ಮೇಲೆ ಪಣ ಕಟ್ಟತೊಡಗಿದರು. 1961ರಲ್ಲಿ ನ್ಯೂಯಾರ್ಕಿನವರು ದರ ಕಳುಹಿಸುವುದನ್ನು ನಿಲ್ಲಿಸಿದರು. ಪಣ ಕಟ್ಟುವುದು ನಿಂತಿತೆ? ಇಲ್ಲ. ಚೀಟಿಗಳಲ್ಲಿ ಅಂಕಿ ಬರೆದು ಮಡಕೆಯಲ್ಲಿ ಹಾಕಿ ತೆಗೆಯತೊಡಗಿದರು. ಮಟ್ಕಾ ಎಂಬ ಹೆಸರು ಬಂದದ್ದೇ ಆ ಮಡಕೆಯಿಂದ. ಗಿರಣಿಯ ಕಾರ್ಮಿಕರ ಎಷ್ಟೋ ಸಂಬಳದ ಲಕೋಟೆಗಳು ಆ ಮಡಕೆಯೊಳಗೆ ಕರಗಿದವು. ಅಂಕಿಯ ಮೇಲೆ ಪಣ ಕಟ್ಟುವವನಿಗೆ ಹತ್ತಿಯೂ ಒಂದೇ, ಮಡಕೆಯೂ ಒಂದೇ. ನಮ್ಮ ಹೊಸಬನಿಗೆ ಡಾಲರಿನ ದರವನ್ನು ತೆಗೆದು ಅದರ ಜಾಗದಲ್ಲಿ ಬೇರೆ ಯಾವುದೋ ಏರಿಳಿಯುವ ಗೆರೆಯನ್ನು ಇಟ್ಟರೆ ಅವನಿಗೆ ವ್ಯತ್ಯಾಸ ತಿಳಿಯುತ್ತದೆಯೆ? ತಿಳಿಯುವುದಾದರೆ ಅವನು ವ್ಯಾಪಾರಿ. ತಿಳಿಯದಿದ್ದರೆ ಅವನ ಮುಂದಿರುವುದು ಮಡಕೆಯೇ.

ಇನ್ನೊಂದು ಪ್ರಶ್ನೆ ಮನಸ್ಸಿಗೆ ಸಂಬಂಧಪಟ್ಟದ್ದು. ಡಾಲರು ಕೊಂಡು ಕುಳಿತವನು ಬೆಳಗಾಗೆದ್ದು ಬಯಸುವುದೇನು? ರೂಪಾಯಿ ಬೀಳಲಿ ಎಂದು. ನನ್ನ ಒಂದು ಕಟ್ಟಿನಿಂದ ರೂಪಾಯಿ ಬೀಳುತ್ತದೆಯೆ ಎಂದು ಅವನು ನಕ್ಕಾನು. ಬೀಳುವುದಿಲ್ಲ, ನಿಜ. ಆದರೆ ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚಿನ ಪಾಲು ಹೊರಗಿನಿಂದ ಬರುತ್ತದೆ. ಅಡುಗೆಯ ಎಣ್ಣೆಯೂ ಬಹಳಷ್ಟು ಹೊರಗಿನದೇ. ರೂಪಾಯಿ ಬಿದ್ದರೆ ರಿಕ್ಷಾದವನಿಗೂ ವಡಾಪಾವ್ ಗಾಡಿಯವನಿಗೂ ಅದರ ಬಿಸಿ ತಟ್ಟುತ್ತದೆ. 1991ರ ಜುಲೈಯಲ್ಲಿ ಇದೇ ಮುಂಬಯಿಯಿಂದ ಸುಮಾರು 47 ಟನ್ ಚಿನ್ನವನ್ನು ಅಡವಿಡಲು ವಿಮಾನದಲ್ಲಿ ಸಾಗಿಸಿದ್ದನ್ನು, ಅದೇ ತಿಂಗಳ 1 ಮತ್ತು 3ನೆಯ ತಾರೀಖು ಎರಡು ಹೆಜ್ಜೆಗಳಲ್ಲಿ ರೂಪಾಯಿಯ ಬೆಲೆ ಇಳಿಸಿದ್ದನ್ನು ಹಿರಿಯರು ಮರೆತಿಲ್ಲ. ಹತ್ತು ಜನಕ್ಕೆ ಕಷ್ಟ ತರುವ ಸಂಗತಿ ತನಗೆ ಹಬ್ಬವಾಗಲೆಂದು ದಿನವೂ ಕಾಯುವ ಅಭ್ಯಾಸ ಮನುಷ್ಯನನ್ನು ಒಳಗಿನಿಂದ ಬದಲಾಯಿಸದೆ ಇರುತ್ತದೆಯೆ?

ಆದರೆ ಈ ವಾದವನ್ನೂ ಅತಿಗೆ ಒಯ್ಯಬಾರದು. ರೂಪಾಯಿ ಬಿದ್ದಾಗ ಸಂತೋಷಪಡುವವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿ ರಾಷ್ಟ್ರಗಳಿಂದ ಬರುವ ಹಣದಿಂದ. ದುಬೈಯ ದಿರಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ, ಆದುದರಿಂದ ಡಾಲರು ಏರಿದಂದು ಅಲ್ಲಿನ ದುಡಿಮೆಗಾರನ ಮನೆಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ. ವಿದೇಶಗಳಲ್ಲಿ ದುಡಿಯುವ ಭಾರತೀಯರು 2024ರಲ್ಲಿ ಮನೆಗೆ ಕಳುಹಿಸಿದ್ದು ಸುಮಾರು 12,900 ಕೋಟಿ ಡಾಲರೆಂದು ವಿಶ್ವಬ್ಯಾಂಕಿನ ಅಂದಾಜು. ದರ ನೋಡಿಕೊಂಡು ಎರಡು ದಿನ ತಡೆದು ಹಣ ಕಳುಹಿಸುವ ಆ ದುಡಿಮೆಗಾರನನ್ನು ದೇಶದ್ರೋಹಿ ಎನ್ನಲಾದೀತೆ? ಮಗಳನ್ನು ಅಮೆರಿಕಕ್ಕೆ ಓದಲು ಕಳುಹಿಸಿದ ತಂದೆ ಇದಕ್ಕೆ ವಿರುದ್ಧವಾದುದನ್ನು ಬೇಡಿಕೊಳ್ಳುತ್ತಾನೆ. ಇಬ್ಬರ ಬೇಡಿಕೆಯ ಹಿಂದೆಯೂ ಬೆವರಿದೆ, ಅಗತ್ಯವಿದೆ.

ದೊಡ್ಡ ಸಟ್ಟಾಗಾರರ ವಿಷಯದಲ್ಲೂ ತೀರ್ಪು ಸುಲಭವಲ್ಲ. 1992ರ ಸೆಪ್ಟೆಂಬರ್ 16ರಂದು ಬ್ರಿಟಿಷ್ ಪೌಂಡಿನ ವಿರುದ್ಧ ಪಣ ಕಟ್ಟಿ ಜಾರ್ಜ್ ಸೊರೊಸ್ ಸುಮಾರು 100 ಕೋಟಿ ಡಾಲರು ಗಳಿಸಿದರು. ಪೌಂಡಿಗೆ ಸರಕಾರ ಹಟದಿಂದ ಕಟ್ಟಿದ್ದ ದರವೇ ತಪ್ಪಾಗಿತ್ತು, ಅದು ಬಿದ್ದದ್ದರಿಂದ ಬ್ರಿಟನ್ನಿಗೆ ಒಳ್ಳೆಯದೇ ಆಯಿತು ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಆದರೆ 1997ರ ಜುಲೈ 2ರಂದು ಥಾಯ್ಲೆಂಡಿನ ಬಾತ್ ಕಟ್ಟು ಕಳಚಿ, ಡಾಲರಿಗೆ ಸುಮಾರು 25 ಇದ್ದದ್ದು ಮುಂದಿನ ಜನವರಿಯಲ್ಲಿ 50ನ್ನು ದಾಟಿದಾಗ, ಅಲ್ಲಿ ಕೆಲಸ ಕಳೆದುಕೊಂಡವರು ಯಾವ ಸಟ್ಟಾವನ್ನೂ ಆಡಿದವರಲ್ಲ. ಸರಕಾರಗಳ, ಬ್ಯಾಂಕುಗಳ ತಪ್ಪು ಅಲ್ಲಿ ಮೊದಲೇ ಇತ್ತು. ಸಟ್ಟಾ ಅದಕ್ಕೆ ಗಾಳಿ ಹಾಕಿತು. ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1972ರಲ್ಲಿಯೇ ಒಂದು ಉಪಾಯ ಸೂಚಿಸಿದ್ದರು: ಪ್ರತಿಯೊಂದು ನಾಣ್ಯ ವಿನಿಮಯದ ಮೇಲೂ ಒಂದು ಸಣ್ಣ ತೆರಿಗೆ. ವರುಷಕ್ಕೆ ನಾಲ್ಕು ಬಾರಿ ಕೊಳ್ಳುವವನಿಗೆ ಅದು ಭಾರವಲ್ಲ; ದಿನಕ್ಕೆ ನಲವತ್ತು ಬಾರಿ ಕೊಂಡು ಮಾರುವವನಿಗೆ ಭಾರ. ಅಗತ್ಯವನ್ನೂ ಚಟವನ್ನೂ ಬೇರ್ಪಡಿಸುವ ಜರಡಿ ಅದು. ಹೆಚ್ಚಿನ ರಾಷ್ಟ್ರಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ನಮ್ಮ ದೇಶದ ಕಾನೂನು ಬೇರೆ ದಾರಿ ಹಿಡಿಯಿತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಕಾಲದಲ್ಲಿ ನಾಣ್ಯದ ತಪ್ಪಿಗೆ ಜೈಲು ಕಾದಿರುತ್ತಿತ್ತು. 1999ರಲ್ಲಿ ಬಂದು 2000ದ ಜೂನ್ 1ರಿಂದ ಜಾರಿಯಾದ ಹೊಸ ಕಾಯಿದೆ ಅದನ್ನು ಬಹುಮಟ್ಟಿಗೆ ದಂಡದ ತಪ್ಪನ್ನಾಗಿ ಮಾಡಿತು. ಕಟ್ಟು ಸಡಿಲವಾದಂತೆ ಪೇಟೆ ಬೆಳೆಯಿತು. ಆದರೆ ರಿಸರ್ವ್ ಬ್ಯಾಂಕು 2024ರ ಜನವರಿಯಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿ, ಮೇ 3ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ರೂಪಾಯಿಯ ವಾಯಿದೆ ಕೊಳ್ಳುವವನಿಗೆ ಅದರ ಹಿಂದೆ ನಿಜವಾದ ವಿದೇಶಿ ವಿನಿಮಯದ ಕರಾರೊಂದು ಇರಲೇಬೇಕು. ದಾಖಲೆಯನ್ನು ಮೊದಲೇ ತೋರಿಸಬೇಕಾಗಿಲ್ಲದ ಸಣ್ಣ ವ್ಯವಹಾರಕ್ಕೂ ಈ ಮಾತು ಅನ್ವಯಿಸುತ್ತದೆ. ಇನ್ನು, ಪರವಾನಗಿಯಿಲ್ಲದೆ ವಿದೇಶಿ ನಾಣ್ಯಗಳ ಜೋಡಿಗಳನ್ನು ಫೋನಿನಲ್ಲಿ ಮಾರುವ ಕಂಪನಿಗಳ ಎಚ್ಚರಿಕೆ ಪಟ್ಟಿಯನ್ನು ಅದು 2022ರ ಸೆಪ್ಟೆಂಬರಿನಲ್ಲಿ 34 ಹೆಸರುಗಳೊಂದಿಗೆ ಹೊರಡಿಸಿತು. ಪಟ್ಟಿ ಆಮೇಲೆ ಬೆಳೆಯುತ್ತ ಬಂದಿದೆ. ಅಂಥವರ ಮೂಲಕ ವ್ಯವಹರಿಸಿದರೆ ಕಂಪನಿಯದಷ್ಟೇ ಅಲ್ಲ, ಗಿರಾಕಿಯದೂ ತಪ್ಪಾಗುತ್ತದೆ.

ಕಾನೂನು ಬದಲಾಗುತ್ತಿರುತ್ತದೆ, ನಾಳೆ ಈ ನಿಯಮವೂ ಸಡಿಲಗೊಳ್ಳಬಹುದು. ಆದುದರಿಂದ ಪ್ರಶ್ನೆ ಕೊನೆಗೆ ನಮ್ಮ ಮನಸ್ಸಾಕ್ಷಿಯ ಬಳಿಗೇ ಬರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ತಿಳಿದದ್ದು. ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಅವಳು ಕಳುಹಿಸಿದಳು. ಅಕ್ಕಿಯನ್ನು ಅವನು ಕದ್ದಿರಲಿಲ್ಲ. ಆದರೂ ಅವಳ ಆಕ್ಷೇಪವಿತ್ತು. ತಪ್ಪಿನಿಂದ ಬಂತೆ ಎಂಬುದಷ್ಟೇ ಅವಳ ಪ್ರಶ್ನೆಯಲ್ಲ. ದುಡಿಮೆಗೂ ಫಲಕ್ಕೂ ಅಳತೆ ಇದೆಯೆ ಎಂಬುದು ಅವಳ ಪ್ರಶ್ನೆ.

ಈ ಅಳತೆಗೋಲನ್ನು ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ತಮ್ಮ ಮೇಲೂ ಇಟ್ಟುಕೊಳ್ಳಬೇಕು. ನಲವತ್ತು ವರುಷಗಳ ಹಿಂದೆ ಕೆಲವು ಸಾವಿರಕ್ಕೋ ಒಂದೆರಡು ಲಕ್ಷಕ್ಕೋ ಕೊಂಡ ಎರಡು ಕೋಣೆಯ ಮನೆ ಇಂದು ಕೋಟಿ ದಾಟಿದೆ. ಅದಕ್ಕೆ ನಾವು ಪಟ್ಟ ಶ್ರಮವೇನು? ನಗರ ಬೆಳೆಯಿತು, ನೆಲದ ಬೆಲೆ ಬೆಳೆಯಿತು, ನಾವು ಅಲ್ಲಿ ವಾಸವಾಗಿದ್ದೆವು ಅಷ್ಟೆ. ಅದೇ ಬೆಲೆಯ ದೆಸೆಯಿಂದ ನಮ್ಮ ಮಕ್ಕಳೇ ಈ ಊರಿನಲ್ಲಿ ಮನೆ ಕೊಳ್ಳಲಾರದೆ ಹೋಗಿದ್ದಾರೆ. ತಿಂಗಳ ಸಂಬಳದಿಂದ ಎಂದಿಗೂ ಮನೆ ಕಟ್ಟಲಾರೆ ಎಂದು ತಿಳಿದ ಹುಡುಗ ಫೋನಿನ ಗೆರೆಯ ಕಡೆ ನೋಡಿದರೆ, ಅವನನ್ನು ಆಸೆಬುರುಕನೆಂದು ಬೈದು ಸುಮ್ಮನಾಗುವುದು ನ್ಯಾಯವಲ್ಲ. ಅನಾಯಾಸದ ಗಳಿಕೆಯನ್ನು ಅವನು ಮನೆಯ ಗೋಡೆಗಳಿಂದಲೇ ಕಲಿತಿದ್ದಾನೆ.

ಹಾಗಾದರೆ ವ್ಯತ್ಯಾಸವೆಲ್ಲಿ? ಊರು ಬಿಟ್ಟು ಇಲ್ಲಿಗೆ ಬಂದ ನಮ್ಮವರೂ ಪಣ ಕಟ್ಟಿದವರೇ. ಹದಿನಾಲ್ಕರ ವಯಸ್ಸಿನಲ್ಲಿ ಹೋಟೆಲಿನ ಬಾಗಿಲಿಗೆ ಬಂದು ನಿಂತ ಹುಡುಗನಿಗೆ ನಾಳೆಯ ಭರವಸೆ ಏನಿತ್ತು? ಆದರೆ ಅವನು ಪಣಕ್ಕಿಟ್ಟದ್ದು ತನ್ನ ತೋಳನ್ನು. ಎಷ್ಟು ದುಡಿದನೋ ಅಷ್ಟು ಗೆಲ್ಲುವ ಅವಕಾಶ ಹೆಚ್ಚುತ್ತಿತ್ತು. ಅವನು ಗೆದ್ದುದರಿಂದ ಮತ್ತೊಬ್ಬ ಸೋಲಬೇಕಾಗಿರಲಿಲ್ಲ. ಗಿರಣಿಯವನಿಗೆ ಕಡಿಮೆ ಬೆಲೆಗೆ ಇಡ್ಲಿ ಸಿಕ್ಕಿತು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದ ಮೀನುಗಾರ್ತಿಯೂ ನೇಕಾರನೂ ಸಣ್ಣ ಹಣವನ್ನು ಕಾಲದ ಕೈಗೆ ಕೊಟ್ಟು ದೊಡ್ಡದು ಮಾಡಿದವರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದು ಕಲಿಸಿದ ಲೆಕ್ಕ ಹಳೆಯದಾಗಿಲ್ಲ. ಎರಡಾಣೆಯಿಂದ ನೂರು ರೂಪಾಯಿ ಮಾಡಲು ಅಲ್ಲಿ ವರುಷಗಳು ಬೇಕಿತ್ತು. ಇಲ್ಲಿ ಮೂರು ರೂಪಾಯಿ ಕೊಟ್ಟವನಿಗೆ ನೂರು ರೂಪಾಯಿಯ ವ್ಯವಹಾರ ಅದೇ ಕ್ಷಣ ಕೈಗೆ ಸಿಗುತ್ತದೆ, ಅದರ ಹೊಣೆಯೂ ಸಿಗುತ್ತದೆ.

ಮನೆಯ ಹುಡುಗನೋ ಹುಡುಗಿಯೋ ಈ ವ್ಯಾಪಾರದ ಮಾತು ತೆಗೆದಾಗ ಬೈಯುವ ಬದಲು ಜೊತೆಯಲ್ಲಿ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಬಹುದು. ನಿನಗೆ ಈ ಡಾಲರಿನಿಂದ ಆಗಬೇಕಾದ ಕೆಲಸವೇನು: ಓದಿನ ಶುಲ್ಕವೆ, ಸರಕಿನ ಬೆಲೆಯೆ, ಅಥವಾ ಏನೂ ಇಲ್ಲವೆ? ನೀನು ಯಾರ ಭಯವನ್ನು ಹೊರುತ್ತಿದ್ದೀಯೆ, ಹೊತ್ತು ಎಷ್ಟು ದೂರ ನಡೆಯಬಲ್ಲೆ? ಸೋತರೆ ಹೋಗುವುದು ನಿನ್ನ ಹಣವೋ, ತಂಗಿಯ ಮದುವೆಗೆಂದು ಇಟ್ಟದ್ದೋ? ಗೆದ್ದದ್ದನ್ನು ಹೇಳುವಷ್ಟೇ ಸಲೀಸಾಗಿ ಸೋತದ್ದನ್ನೂ ಮನೆಯಲ್ಲಿ ಹೇಳಬಲ್ಲೆಯಾ? ಉತ್ತರ ಪ್ರಾಮಾಣಿಕವಾಗಿದ್ದರೆ, ವ್ಯಾಪಾರವೋ ಜೂಜೋ ಎಂಬುದನ್ನು ನಾವು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ.

ನಾಣ್ಯಗಳ ಏರಿಳಿತವನ್ನು ಕಲಿಯುವುದೇ ಬೇಡವೆಂದು ಇದರ ಅರ್ಥವಲ್ಲ. ಮಕ್ಕಳು ಪರದೇಶದಲ್ಲಿ ಓದುವ, ಅಣ್ಣತಮ್ಮಂದಿರು ಕೊಲ್ಲಿಯಲ್ಲಿ ದುಡಿಯುವ ನಮ್ಮಂಥ ಮನೆಗಳಿಗೆ ಆ ತಿಳಿವಳಿಕೆ ಅಗತ್ಯವೇ. ಡಾಲರು ಏಕೆ ಏರಿತು, ತೈಲ ಏಕೆ ತುಟ್ಟಿಯಾಯಿತು, ಹಣ ಕಳುಹಿಸುವಾಗ ಯಾವ ಬ್ಯಾಂಕು ಎಷ್ಟು ವಟ್ಟ ಹಿಡಿಯುತ್ತದೆ ಎಂಬುದನ್ನು ತಿಳಿದ ಗೃಹಸ್ಥ ಮೋಸಹೋಗುವುದು ಕಡಿಮೆ. ಚಿನಿವಾರನ ಒರೆಗಲ್ಲು ಮನೆಯಲ್ಲಿರಲಿ. ಅದರ ಮೇಲೆ ಮೊದಲು ಉಜ್ಜಿ ನೋಡಬೇಕಾದದ್ದು, ನಮಗೆ ಬರುವ ಹಣ ಯಾರ ಕೈಯಿಂದ, ಯಾವುದಕ್ಕೆ ಪ್ರತಿಯಾಗಿ ಬಂತು ಎಂಬುದನ್ನು.